ಎರಡು ವರ್ಷದ ಓದಿಗೆ ಅರ್ಧ ಬೆಲೆಯೂ ಬೇಡವೇ?

ಶಿರಾಲಿಯಲ್ಲಿ ಹತ್ತನೇ ತರಗತಿ ಮುಗಿಸಿದ ಇಬ್ಬರಲ್ಲಿ ಒಬ್ಬಳು ಪಿಯು ವಿಜ್ಞಾನಕ್ಕೆ ಭಟ್ಕಳದ ಬಸ್ಸು ಹತ್ತುತ್ತಾಳೆ. ಇನ್ನೊಬ್ಬನನ್ನು ಅಪ್ಪ ಅಮ್ಮ ಲಕ್ಷಗಟ್ಟಲೆ ಶುಲ್ಕ ಕಟ್ಟಿ ದಕ್ಷಿಣ ಕನ್ನಡದ ಹಾಸ್ಟೆಲ್ಲಿಗೆ ಸೇರಿಸುತ್ತಾರೆ. ಇಬ್ಬರ ಪಠ್ಯಪುಸ್ತಕವೂ ಒಂದೇ. ಎಂಜಿನಿಯರಿಂಗಿಗೆ ಹೋಗುವುದಾದರೆ ಆ ಎರಡು ವರ್ಷದ ಓದಿಗೆ ಬೆಲೆಯುಂಟು. ಸಿಇಟಿ ರ‍್ಯಾಂಕಿನಲ್ಲಿ ಅರ್ಧ ಪಿಯು ಅಂಕದ್ದು, ಅರ್ಧ ಪ್ರವೇಶ ಪರೀಕ್ಷೆಯದ್ದು. ಡಾಕ್ಟರಾಗಬೇಕೆಂದರೆ ಮಾತ್ರ ಪಿಯುನಲ್ಲಿ ಕನಿಷ್ಠ ಅಂಕ ದಾಟಿದರೆ ಸಾಕು. ಶೇ 98 ಬಂದರೂ ಅಷ್ಟೇ, ಶೇ 60 ಬಂದರೂ ಅಷ್ಟೇ. ಉಳಿದದ್ದೆಲ್ಲ ನೀಟ್‌ನ 180 ನಿಮಿಷಗಳಲ್ಲಿ ತೀರ್ಮಾನ. ಎಂಜಿನಿಯರಿಗೆ ಸಲ್ಲುವ ಅರ್ಧ–ಅರ್ಧದ ನ್ಯಾಯ ವೈದ್ಯರಿಗೂ ಸಲ್ಲಬೇಕು.

ಪ್ರವೇಶ ಪರೀಕ್ಷೆಯೇ ಬೇಡ ಎನ್ನುವವರ ಸಾಲಿನಲ್ಲಿ ನಾನಿಲ್ಲ. ಕ್ಯಾಪಿಟೇಶನ್ ಶುಲ್ಕ ನಿಷೇಧಿಸಿ 1984ರಲ್ಲಿ ಕಾಯ್ದೆ ಬಂದ ಮೇಲೂ ಈ ರಾಜ್ಯದಲ್ಲಿ ಸೀಟು ಹಣಕ್ಕೆ ಬಿಕರಿಯಾಗುತ್ತಲೇ ಇತ್ತು. 1992ರ ಮೋಹಿನಿ ಜೈನ್, 1993ರ ಉನ್ನಿಕೃಷ್ಣನ್ ಪ್ರಕರಣಗಳ ಸುಪ್ರೀಂ ಕೋರ್ಟ್ ತೀರ್ಪುಗಳ ಬೆನ್ನಿಗೆ 1994ರಲ್ಲಿ ಸಿಇಟಿ ಬಂದಾಗ ದುಡ್ಡಿಲ್ಲದ ಮನೆಯ ಮಕ್ಕಳಿಗೂ ಬಾಗಿಲು ತೆರೆಯಿತು. ಅದನ್ನು ಮರೆಯಬಾರದು.

ಆದರೆ ಪರೀಕ್ಷೆಯೊಂದೇ ಸರ್ವಸ್ವವಾದಾಗ ಹಣ ಹಿತ್ತಿಲ ಬಾಗಿಲಿನಿಂದ ಮತ್ತೆ ಒಳಗೆ ಬರುತ್ತದೆ. ಅದರ ಈಗಿನ ಹೆಸರು ಕೋಚಿಂಗ್. ಬ್ಯೂರೆಟ್ಟಿನಿಂದ ಹನಿ ಹನಿ ಬಿಡುತ್ತ ಬಣ್ಣ ತಿರುಗಿದ ಗಳಿಗೆಗೆ ಕೈ ನಿಲ್ಲಿಸಲು ಕಲಿತವಳಿಗೂ, ಆ ಬಣ್ಣದ ಹೆಸರನ್ನಷ್ಟೇ ಬಾಯಿಪಾಠ ಮಾಡಿ ಓಎಂಆರ್ ಹಾಳೆಯ ವೃತ್ತ ತುಂಬಿದವನಿಗೂ ನೀಟ್ ಕೊಡುವುದು ಅದೇ ನಾಲ್ಕು ಅಂಕ. ಮೊದಲ ಯತ್ನದವರೂ ವರ್ಷಗಟ್ಟಲೆ ಮನೆಯಲ್ಲಿ ಕೂತು ಮತ್ತೆ ಮತ್ತೆ ಬರೆದವರೂ ಒಂದೇ ಪಟ್ಟಿಯಲ್ಲಿ. ನೀಟ್ ಅಂಕವನ್ನೇ ಪ್ರತಿಭೆ ಎನ್ನುವವರು 2023ರ ಸೆಪ್ಟೆಂಬರ್ ನೆನಪಿಸಿಕೊಳ್ಳಲಿ: ಸ್ನಾತಕೋತ್ತರ ವೈದ್ಯಕೀಯ ಸೀಟು ಖಾಲಿ ಉಳಿದಾಗ ನೀಟ್ ಅರ್ಹತೆಯನ್ನು ಸೊನ್ನೆ ಪರ್ಸೆಂಟೈಲಿಗೆ ಇಳಿಸಲಾಯಿತು.

‘ಪಿಯು ಅಂಕ ನಂಬುವಂತಿಲ್ಲ, ಆಂತರಿಕ ಅಂಕವನ್ನು ಕಾಲೇಜುಗಳು ಧಾರಾಳವಾಗಿ ಹಂಚುತ್ತವೆ’ ಎಂಬ ತಕರಾರಿದೆ. ಸುಳ್ಳೇನಲ್ಲ. ಆದರೆ ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಬೇಕೇ? ಕೋವಿಡ್ ವರ್ಷದಲ್ಲಿ ಪರೀಕ್ಷೆಯಿಲ್ಲದೆ ಪಾಸಾದವರ ಪಿಯು ಅಂಕವನ್ನು 2022ರ ಸಿಇಟಿಯಲ್ಲಿ ಪರೀಕ್ಷಾ ಪ್ರಾಧಿಕಾರ ಪೂರ್ತಿ ಕೈಬಿಟ್ಟಿತ್ತು. ಸುಮಾರು 24 ಸಾವಿರ ವಿದ್ಯಾರ್ಥಿಗಳ ಪ್ರಶ್ನೆ ಹೈಕೋರ್ಟಿಗೆ ಹೋಯಿತು. ಕೊನೆಗೆ ಆದ ತೀರ್ಮಾನ, ಪ್ರತಿ ವಿಷಯದಲ್ಲಿ ಆರು ಅಂಕ ಕಳೆದು ಉಳಿದದ್ದನ್ನು ಪರಿಗಣಿಸುವುದು. ಉಬ್ಬಿದ ಅಂಕವನ್ನು ಇಳಿಸಲು ದಾರಿಯಿದೆ ಎಂದಾಯಿತು. ಪ್ರವೇಶ ಪರೀಕ್ಷೆಯೇನು ಅಪರಂಜಿಯೇ? 2024ರ ಸಿಇಟಿಯಲ್ಲಿ ಪಠ್ಯದಾಚೆಯ 50 ಪ್ರಶ್ನೆಗಳನ್ನು ಕೈಬಿಡಬೇಕಾಯಿತು. ಅದೇ ವರ್ಷ ನೀಟ್‌ನಲ್ಲಿ 67 ಮಂದಿಗೆ 720ಕ್ಕೆ 720 ಬಂದು, ದೇಶವೇ ಕೃಪಾಂಕದ ಲೆಕ್ಕ ಕೇಳಿತು.

ಆ ಗದ್ದಲದ ನಡುವೆ, 2024ರ ಜುಲೈನಲ್ಲಿ, ನಮ್ಮ ವಿಧಾನಸಭೆ ನೀಟ್ ಬೇಡ, ಸಿಇಟಿಯೇ ಸಾಕು ಎಂದು ನಿರ್ಣಯ ಅಂಗೀಕರಿಸಿತು. ಒಂದು ಪರೀಕ್ಷೆಯ ಜಾಗಕ್ಕೆ ಇನ್ನೊಂದು ಬಂದರೆ ಕೋಚಿಂಗ್ ಸಂಸ್ಥೆಗಳ ಬೋರ್ಡು ಬದಲಾದೀತು, ಅಷ್ಟೆ. ದಿಲ್ಲಿಯನ್ನು ಕೇಳಬೇಕಾದದ್ದು ಪಿಯು ಅಂಕಕ್ಕೆ ಅರ್ಧ ತೂಕ.

ದಿಲ್ಲಿ ಒಪ್ಪುವ ತನಕ ಬೆಂಗಳೂರು ಕೈಕಟ್ಟಿ ಕೂರಬೇಕಿಲ್ಲ. ತಮಿಳುನಾಡು 2020ರಲ್ಲೇ ಸರ್ಕಾರಿ ಶಾಲೆಯ ಮಕ್ಕಳಿಗೆ ವೈದ್ಯಕೀಯ ಸೀಟುಗಳಲ್ಲಿ ಶೇ 7.5 ಮೀಸಲಿಟ್ಟಿತು. ನಮ್ಮಲ್ಲಿ ಶೇ 15ರ ಗ್ರಾಮೀಣ ಮೀಸಲಾತಿ ಇದೆ, ಆದರೆ ಅದು ನೋಡುವುದು ಒಂದರಿಂದ ಹತ್ತನೇ ತರಗತಿಯನ್ನು ಮಾತ್ರ. ಅಂದರೆ ಊರಲ್ಲೇ ಇದ್ದು ಪಿಯು ಓದಿದವಳೂ, ಲಕ್ಷ ಸುರಿದು ಹಾಸ್ಟೆಲ್ಲಿನಲ್ಲಿ ತಾಲೀಮು ಪಡೆದವನೂ ಒಂದೇ ಸೀಟಿಗೆ ಸಮಾನ ‘ಗ್ರಾಮೀಣ’ರು!

ಇದು ಬರೀ ಸೀಟಿನ ಲೆಕ್ಕವಲ್ಲ. ತುರ್ತು ಚಿಕಿತ್ಸೆಗೆ ಇಂದಿಗೂ ಉಡುಪಿ, ಮಂಗಳೂರಿಗೆ ಆಂಬ್ಯುಲೆನ್ಸ್ ಓಡಿಸುವ ಜಿಲ್ಲೆ ನಮ್ಮ ಉತ್ತರ ಕನ್ನಡ. 2022ರಲ್ಲಿ ಹೊನ್ನಾವರದಿಂದ ಹೊರಟ ಆಂಬ್ಯುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಪಲ್ಟಿಯಾದ ಮೇಲೆ ಆಸ್ಪತ್ರೆಗಾಗಿ ಕೂಗು ಎದ್ದಿತು. ಕಟ್ಟಡದಷ್ಟೇ ಮುಖ್ಯ ಅದರೊಳಗೆ ನಿಲ್ಲುವ ವೈದ್ಯರು. ಅವರು ಇದೇ ತಾಲ್ಲೂಕುಗಳ ಪಿಯು ಕಾಲೇಜುಗಳಿಂದ ಬರಬೇಕಿದ್ದರೆ ಸರ್ಕಾರಿ ಪಿಯು ಕಾಲೇಜುಗಳ ಮಕ್ಕಳಿಗೆ ವೈದ್ಯಕೀಯದಲ್ಲಿ ಪ್ರತ್ಯೇಕ ಪಾಲು ಬೇಕು, ಗ್ರಾಮೀಣ ಮೀಸಲಾತಿ ದ್ವಿತೀಯ ಪಿಯುವರೆಗೂ ವಿಸ್ತರಿಸಬೇಕು. ಇದನ್ನು ಮಾಡದ ಸರ್ಕಾರಕ್ಕೆ ನೀಟನ್ನು ಬೈಯುವ ಹಕ್ಕಿಲ್ಲ.