ದೊರೆತ ಉದ್ಯೋಗ ಉಳಿಯಬೇಕು
ಮನೋರೋಗದಿಂದ ಚೇತರಿಸಿಕೊಳ್ಳುವವನಿಗೆ ಔಷಧದಷ್ಟೇ ಅವಶ್ಯವಾದುದು ಉದ್ಯೋಗ. ದುಡಿಮೆಯಿಂದ ದಿನಚರಿಗೆ ಕ್ರಮವೂ, ಮನೆಯವರ ನಡುವೆ ಕಳೆದುಹೋದ ಮಾನವೂ ಮರಳುತ್ತವೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಸರಕಾರಿ ಹುದ್ದೆಗಳಲ್ಲಿ ಶೇಕಡಾ 4ರಷ್ಟನ್ನು ವಿಕಲಚೇತನರಿಗೆ ಮೀಸಲಿಟ್ಟು, ಅದರೊಳಗೆ ಶೇಕಡಾ 1ನ್ನು ಮನೋರೋಗವುಳ್ಳವರೂ ಸೇರಿದಂತೆ ಕೆಲವು ವರ್ಗಗಳಿಗೆ ಒಟ್ಟಾಗಿ ವಿಧಿಸಿದೆ. ಸಂತೋಷವೇ ಸರಿ.

ಆದರೆ ಕಾಯಿದೆಯು ಬಾಗಿಲನ್ನು ತೆರೆಯಬಲ್ಲುದಲ್ಲದೆ ಒಳಗೆ ಕೈಹಿಡಿದು ನಡೆಸಲಾರದು. ಔಷಧದ ಮಂಪರಿನಿಂದ ಬೆಳಿಗ್ಗೆ ತಡವಾಗಿ ಬಂದವನನ್ನು ಮೇಲ್ವಿಚಾರಕನು ಮೈಗಳ್ಳನೆನ್ನುವನು. ಔಷಧದ ಹೊತ್ತನ್ನು ಬದಲಿಸಬಲ್ಲ ವೈದ್ಯನಿಗೆ ಆ ಸಂಗತಿಯೇ ತಿಳಿಯದು. ಉದ್ಯೋಗ ಕೊಡಿಸಿದ ಸಂಸ್ಥೆಯು ಕಡತವನ್ನು ಮುಚ್ಚಿರುತ್ತದೆ. ಮೂವರೂ ತಮ್ಮ ತಮ್ಮ ಕರ್ತವ್ಯವನ್ನು ಮಾಡಿದರು. ನೌಕರಿ ಮಾತ್ರ ಹೋಯಿತು.

ಈ ಒಡಕನ್ನು ಬೆಸೆಯುವ ಮಾರ್ಗವಿಲ್ಲದಿಲ್ಲ. 1990ರ ದಶಕದಲ್ಲಿ ಅಮೆರಿಕದ ರಾಬರ್ಟ್ ಡ್ರೇಕ್ ಮತ್ತು ಡೆಬೊರಾ ಬೆಕರ್ ಅವರು ರೂಪಿಸಿದ ಪದ್ಧತಿಯಲ್ಲಿ ಉದ್ಯೋಗ ಸಹಾಯಕನು ವೈದ್ಯರ ತಂಡದಲ್ಲಿಯೇ ಇರುತ್ತಾನೆ. ದೀರ್ಘ ತರಬೇತಿಗೆ ಕಾಯಿಸದೆ, ರೋಗಿಯು ಬಯಸಿದ ಕೆಲಸವನ್ನೇ ಹುಡುಕಿ, ಸೇರಿದ ಬಳಿಕವೂ ಬೆಂಬಲವಾಗಿ ನಿಲ್ಲುತ್ತಾನೆ. ಹಲವು ದೇಶಗಳ ಪ್ರಯೋಗಗಳಲ್ಲಿ ಇದು ಹಳೆಯ ಕ್ರಮಗಳಿಗಿಂತ ಹೆಚ್ಚು ಮಂದಿಗೆ ಕೆಲಸ ದೊರಕಿಸಿದೆ.

ನಮ್ಮಲ್ಲಿಯೂ ಜಿಲ್ಲಾ ಮಾನಸಿಕ ಆರೋಗ್ಯ ತಂಡ, ಉದ್ಯೋಗ ವಿನಿಮಯ ಕಚೇರಿ ಮತ್ತು ಉದ್ಯೋಗದಾತರು ಒಡಗೂಡಿ, ರೋಗಿಯ ಸಮ್ಮತಿ ಪಡೆದು, ಒಬ್ಬ ಹೊಣೆಗಾರನನ್ನು ಗೊತ್ತುಮಾಡಲಿ. ಬೆಳಗಿನ ಪಾಳಿಗೆ ಬದಲು ಮಧ್ಯಾಹ್ನದ ಪಾಳಿ, ಆಸ್ಪತ್ರೆಗೆ ಹೋಗಲು ತಿಂಗಳಿಗೊಂದು ದಿನದ ಬಿಡುವು, ಇಷ್ಟರಿಂದಲೇ ಎಷ್ಟೋ ನೌಕರಿಗಳು ಉಳಿದಾವು. ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ತಮ್ಮ ಅಂಗಡಿ ಕಾರ್ಖಾನೆಗಳಲ್ಲಿ ಇಂಥವರಿಗೆ ಒಂದೊಂದು ಸ್ಥಾನ ಕೊಟ್ಟು ಉಳಿಸಿಕೊಂಡರೆ, ಅದು ಅನ್ನದಾನಕ್ಕಿಂತ ಕಿರಿದಾದ ದಾನವೇನಲ್ಲ.