ಅತಿಥಿಯ ಜೊತೆ ನಾಯಿಯೂ ಬಂದರೆ: ರಜೆಮನೆಯಲ್ಲಿ ಏನಿರಬೇಕು?

ರಜೆಗೆ ಬಂದವರಿಗೆ ನಾಲ್ಕಾರು ದಿನ ಬಾಡಿಗೆಗೆ ಕೊಡುವ ಮನೆಯಲ್ಲಿ ಸಾಕುಪ್ರಾಣಿಗೂ ಸೌಕರ್ಯ ಮಾಡಬೇಕೆ, ಮಾಡುವುದಾದರೆ ಯಾವುದನ್ನು ಮೊದಲು ಆರಿಸಬೇಕು ಎಂಬ ಪ್ರಶ್ನೆಗೆ ನಗರದಲ್ಲಿ ಸಿಗುವ ಉತ್ತರ ಹಳ್ಳಿಯಲ್ಲಿ ಸಲ್ಲುವುದಿಲ್ಲ. ನಗರದ ಕಡೆಯಿಂದ ಪೂರ್ವ ದೆಹಲಿಯ ಮಯೂರ್ ವಿಹಾರ್, ಹಳ್ಳಿಯ ಕಡೆಯಿಂದ ಕೊಡಗು ಮತ್ತು ಮಲೆನಾಡಿನ ಹೋಂಸ್ಟೇಗಳು ಇದಕ್ಕೆ ಒಳ್ಳೆಯ ನಿದರ್ಶನ.

ಮಯೂರ್ ವಿಹಾರ್ ಯಮುನೆಯ ಎಡದಂಡೆಯಲ್ಲಿದೆ. ಮೂರು ಹಂತಗಳ ಈ ಬಡಾವಣೆಯಲ್ಲಿ ದೆಹಲಿ ಅಭಿವೃದ್ಧಿ ಪ್ರಾಧಿಕಾರ (ಡಿಡಿಎ) ಕಟ್ಟಿಸಿದ, 'ಪಾಕೆಟ್' ಎಂದು ಕರೆಯುವ ಮನೆಗಳ ಗುಂಪುಗಳಿವೆ, ಸಹಕಾರಿ ಸಂಘಗಳ ಬಹುಮಹಡಿ ಕಟ್ಟಡಗಳಿವೆ. ಉತ್ತರ ಗುರುವಾಯೂರಪ್ಪ ದೇವಸ್ಥಾನದ ಸುತ್ತಮುತ್ತ ದಕ್ಷಿಣ ಭಾರತೀಯರ ದೊಡ್ಡ ವಸತಿಯೇ ಇದೆ, ಅವರಲ್ಲಿ ಕನ್ನಡದ ಮನೆಗಳೂ ಸೇರಿವೆ. 2005ರಲ್ಲಿ ಅಕ್ಷರಧಾಮ ತೆರೆಯಿತು, 2009ರಲ್ಲಿ ಮೆಟ್ರೋದ ನೀಲಿ ಮಾರ್ಗ ಇಲ್ಲಿಂದ ಹಾದುಹೋಯಿತು. ಆಮೇಲೆ ಊರಿಂದ ಬರುವ ಪ್ರವಾಸಿಗೆ ಕರೋಲ್ ಬಾಗಿನ ಹೋಟೆಲುಗಳಷ್ಟೇ ಈ ಕಡೆಯ ಕೋಣೆಗಳೂ ಅನುಕೂಲವಾದವು. ಮನೆಯ ಕೋಣೆಗಳನ್ನು ಅತಿಥಿಗಳಿಗೆ ಕೊಡುವವರಿಗೆಂದೇ ದೆಹಲಿಯಲ್ಲಿ 2007ರ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಕಾಯ್ದೆ ಇದೆ. ಅದರಡಿ ನೋಂದಾಯಿಸಿದ ಮನೆಗಳಿಗೆ ಗೋಲ್ಡ್, ಸಿಲ್ವರ್ ಎಂಬ ಎರಡು ದರ್ಜೆ.

ಪರ

ಸೌಕರ್ಯ ಮಾಡಬೇಕು ಎನ್ನುವವರ ಮೊದಲ ವಾದ ಸರಳ: ಬೇಡ ಎಂದರೂ ನಾಯಿ ಬಂದೇ ಬರುತ್ತದೆ. ಮನೆತುಂಬ ಜನವಿದ್ದ ಕಾಲದಲ್ಲಿ ಪ್ರವಾಸ ಹೊರಟವರ ನಾಯಿಗೆ ಅಜ್ಜಿಯೋ ಚಿಕ್ಕಪ್ಪನೋ ಅನ್ನ ಹಾಕುತ್ತಿದ್ದರು. ಗಂಡ, ಹೆಂಡತಿ, ಒಂದು ಮಗು ಇರುವ ಫ್ಲಾಟಿನಲ್ಲಿ ಹಾಗೆ ಬಿಟ್ಟುಹೋಗಲು ಯಾರೂ ಇಲ್ಲ. 'ಪ್ರಾಣಿಗಳಿಗೆ ಪ್ರವೇಶವಿಲ್ಲ' ಎಂದು ಬರೆದ ಮನೆಗೆ ಸಣ್ಣ ನಾಯಿಯನ್ನು ರಾತ್ರಿ ಚೀಲದಲ್ಲಿಟ್ಟು ಒಳಗೆ ಒಯ್ಯುವವರಿದ್ದಾರೆ. ಹಾಗೆ ಬಚ್ಚಿಟ್ಟ ನಾಯಿಯ ಲಸಿಕೆಯ ಪುಸ್ತಕವನ್ನು ಯಾರೂ ನೋಡಿರುವುದಿಲ್ಲ, ಬಾಲ್ಕನಿಗೆ ಬಲೆ ಇರುವುದಿಲ್ಲ, ಅದು ಹೊರಗೆ ಹೋಗುವ ಹೊತ್ತು ಗೇಟಿನ ಗಾರ್ಡಿಗೆ ತಿಳಿದಿರುವುದಿಲ್ಲ. ಹೇಳಿ ಕರೆತಂದ ನಾಯಿಗಿಂತ ಹೇಳದೆ ತಂದ ನಾಯಿಯಿಂದಲೇ ಅಪಾಯ ಹೆಚ್ಚು. ಪರ ಪಕ್ಷದ ಮಾತುಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಇದೇ.

ದೂರದಿಂದ ನಾಯಿಯನ್ನು ಕರೆತರುವವರು ಸಾಮಾನ್ಯವಾಗಿ ಅದರ ಬಗ್ಗೆ ಎಚ್ಚರ ಇರುವವರೇ. ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿಯ ಪಯಣ. ಏಸಿ ಮೊದಲ ದರ್ಜೆಯ ಕೂಪೆಯನ್ನು ಇಡಿಯಾಗಿ ಕಾದಿರಿಸಿದವರಿಗೆ ಮಾತ್ರ ನಾಯಿಯನ್ನು ಜೊತೆಯಲ್ಲಿ ಇಟ್ಟುಕೊಳ್ಳಲು ರೈಲ್ವೆ ಒಪ್ಪುತ್ತದೆ, ಉಳಿದವರ ನಾಯಿ ಗಾರ್ಡ್ ಬೋಗಿಯ ಪೆಟ್ಟಿಗೆಗೆ ಹೋಗಬೇಕು. ಅಷ್ಟು ಖರ್ಚು, ಅಷ್ಟು ತಾಪತ್ರಯ ಹೊತ್ತು ಬಂದವರು ಮನೆ ಹಾಳುಮಾಡುವ ಮಂದಿಯಲ್ಲ ಎಂಬುದು ಪರ ಪಕ್ಷದ ನಂಬಿಕೆ.

ಕಾನೂನಿನ ಒಲವೂ ಈ ಕಡೆಗಿದೆ. ಸಂವಿಧಾನದ 51ಎ(ಜಿ) ವಿಧಿ ಜೀವಿಗಳ ಮೇಲಿನ ದಯೆಯನ್ನು ನಾಗರಿಕನ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿದೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಸುತ್ತೋಲೆಯ ಪ್ರಕಾರ ನಿವಾಸಿಗಳ ಸಂಘ ಬಹುಮತದ ಠರಾವು ಮಾಡಿದರೂ ನಾಯಿ ಸಾಕುವುದನ್ನು ನಿಷೇಧಿಸುವಂತಿಲ್ಲ, ಲಿಫ್ಟಿಗೆ ನಾಯಿಯನ್ನು ತರಬೇಡಿ ಎನ್ನುವಂತಿಲ್ಲ.

ಇನ್ನು ಆಯ್ಕೆಯ ಮಾತು. 'ಪೆಟ್ ಫ್ರೆಂಡ್ಲಿ' ಎಂದೊಡನೆ ಮೆತ್ತನೆ ಹಾಸಿಗೆ, ಬಣ್ಣದ ಬಟ್ಟಲು, ಬಿಸ್ಕತ್ತಿನ ಪೊಟ್ಟಣ ಕಣ್ಣಮುಂದೆ ಬರುತ್ತವೆ. ಇವು ಫೋಟೋಕ್ಕೆ ಚೆನ್ನ. ನಾಯಿ ತನ್ನ ಮನೆಯ ವಾಸನೆ ಇರುವ ಹಳೆಯ ಚಾದರದ ಮೇಲೇ ಮಲಗುತ್ತದೆ, ಅತಿಥಿಗಳು ಅದನ್ನು ತಂದೇ ತರುತ್ತಾರೆ. ನಿಜವಾಗಿ ಬೇಕಾದವು ಬೇರೆ. ಮೊದಲನೆಯದು ಬಾಲ್ಕನಿಯ ಬಲೆ. ಪಾರಿವಾಳ ತಡೆಯಲು ದೆಹಲಿಯ ಎಷ್ಟೋ ಬಾಲ್ಕನಿಗಳಿಗೆ ಬಲೆ ಕಟ್ಟಿಸಿರುತ್ತಾರೆ, ಅದನ್ನೇ ಗಟ್ಟಿಯಾಗಿ, ಕೆಳಅಂಚಿನಲ್ಲಿ ಸಂದು ಉಳಿಯದಂತೆ ಕಟ್ಟಿಸಿದರೆ ಬೆಕ್ಕಿಗೂ ರಕ್ಷಣೆಯಾಯಿತು. ಬೆಕ್ಕು ಎತ್ತರದಿಂದ ಬಿದ್ದರೂ ಏನೂ ಆಗುವುದಿಲ್ಲ ಎಂಬ ಮಾತು ನಂಬತಕ್ಕದ್ದಲ್ಲ. ಮಹಡಿಗಳಿಂದ ಬಿದ್ದು ಐದೇ ತಿಂಗಳಲ್ಲಿ ನ್ಯೂಯಾರ್ಕಿನ ಒಂದು ಪಶು ಆಸ್ಪತ್ರೆಗೆ ಬಂದ 132 ಬೆಕ್ಕುಗಳ ವಿವರ 1987ರಷ್ಟು ಹಿಂದೆಯೇ ಪ್ರಕಟವಾಗಿದೆ.

ಎರಡನೆಯದು ನೆಲ. ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಮೇಲೆ ವಯಸ್ಸಾದ ಲ್ಯಾಬ್ರಡಾರಿನ ಹಿಂಗಾಲು ನಿಲ್ಲುವುದಿಲ್ಲ, ಸೊಂಟದ ನೋವಿರುವ ನಾಯಿಗೆ ಅದು ಹಿಂಸೆಯೇ ಸರಿ. ಒಗೆಯಲು ಬರುವ ಹತ್ತಿಯ ಜಮಖಾನವನ್ನು ನಡೆದಾಡುವ ಕಡೆಯಲ್ಲೆಲ್ಲ ಹಾಸಿದರೆ ಸಾಕು, ದುಬಾರಿ ರತ್ನಗಂಬಳಿಯನ್ನು ಎತ್ತಿಡಬೇಕು. ಮೂರನೆಯದು ಬಿಸಿಲು. ಮೇ, ಜೂನ್ ತಿಂಗಳಲ್ಲಿ ದೆಹಲಿಯ ತಾಪ 45 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ನಾಯಿ ಮುಖ್ಯವಾಗಿ ತೇಕಿನಿಂದಲೇ ಮೈ ತಣಿಸಿಕೊಳ್ಳುತ್ತದೆ. ಪಗ್‌ನಂಥ ಚಪ್ಪಟೆ ಮೂಗಿನ ತಳಿಗೆ ಅದೂ ಕಷ್ಟ. ಕರೆಂಟು ಹೋದಾಗ ಫ್ಯಾನನ್ನಾದರೂ ತಿರುಗಿಸುವ ಇನ್ವರ್ಟರ್ ಇಲ್ಲದ ಮೇಲಂತಸ್ತಿನ ಮನೆಗೆ ಬೇಸಿಗೆಯಲ್ಲಿ ಇಂಥ ನಾಯಿಯನ್ನು ಸೇರಿಸಲೇಬಾರದು. ದೀಪಾವಳಿಯ ವಾರಕ್ಕೆ ಕಿಟಕಿ ಕಡಿಮೆಯಿರುವ, ದಪ್ಪ ಪರದೆಯ ಒಂದು ಕೋಣೆ ಬೇಕು. ಪಟಾಕಿಗೆ ಬೆದರಿದ ನಾಯಿ ಬಾಗಿಲು ಸ್ವಲ್ಪ ತೆರೆದರೂ ನುಗ್ಗಿ ಓಡುತ್ತದೆ. ಆದ್ದರಿಂದಲೇ ಮುಂಬಾಗಿಲಿಗೆ ಹೊರಗಿನಿಂದ ಇನ್ನೊಂದು ಜಾಲರಿ ಬಾಗಿಲು ಇದ್ದರೆ ಒಳ್ಳೆಯದು. ಸ್ನಾನದ ಮನೆಯ ನೀರುಗಂಡಿಗೆ ಕೂದಲು ಹಿಡಿಯುವ ಜಾಲರಿ, ಕಾಲು ತೊಳೆಯಲು ಬಕೆಟ್ಟು, ಹಳೆಯ ಟವೆಲ್ಲು, ಹತ್ತಿರದ ಪಶುವೈದ್ಯರ ಫೋನ್ ನಂಬರ್ ಬಾಗಿಲ ಹಿಂದೆ: ಇವಿಷ್ಟರಲ್ಲಿ ಹೆಚ್ಚಿನವು ಎಳೆಯ ಮಕ್ಕಳಿರುವ ಅತಿಥಿಗೂ ಉಪಯೋಗಕ್ಕೆ ಬರುತ್ತವೆ.

ಹಳ್ಳಿಯ ಮನೆಗೆ ಇಷ್ಟೂ ಬೇಡ. ಕೊಡಗಿನ ಕಾಫಿತೋಟದಲ್ಲಿ, ಸಕಲೇಶಪುರದ ಎಸ್ಟೇಟಿನಲ್ಲಿ ಲಿಫ್ಟಿಲ್ಲ, ಕೆಳಮನೆಯವರ ದೂರಿಲ್ಲ. ಅಂಗಳದಲ್ಲಿ ನಾಯಿ ಇರುವುದು ಅಲ್ಲಿನ ಬದುಕಿನ ಭಾಗವೇ ಆಗಿದೆ. ಆದರೆ ಸುತ್ತ ಬೇಲಿ ಹಾಕಿದ ಒಂದು ತುಂಡು ಜಾಗ, ರಾತ್ರಿಗೆ ಕಬ್ಬಿಣದ ಸರಳಿನ ನಾಯಿಗೂಡು ಅಥವಾ ಒಳಗೆ ಮಲಗಿಸಲು ಅನುಮತಿ, ಮಳೆಯಲ್ಲಿ ನೆನೆದು ಬಂದ ನಾಯಿಯನ್ನು ಒರೆಸಲು ಜಗಲಿಯಲ್ಲೊಂದು ಮೂಲೆ ಬೇಕೇಬೇಕು. ಬೆಂಗಳೂರಿನ ಫ್ಲಾಟಿನಲ್ಲಿ ಬೆಳೆದ ನಾಯಿ ಮೊದಲ ಸಲ ಒದ್ದೆ ಹುಲ್ಲಿನ ಮೇಲೆ ಓಡುವುದನ್ನು ನೋಡಿದ ಮನೆಯವರು ಮರುವರ್ಷವೂ ಅಲ್ಲಿಗೇ ಬರುತ್ತಾರೆ ಎಂಬುದನ್ನು ಹೋಂಸ್ಟೇ ನಡೆಸುವವರು ಚೆನ್ನಾಗಿ ಬಲ್ಲರು.

ವಿರೋಧ

ಬೇಡ ಎನ್ನುವವರ ಮಾತು ಮನೆಯ ಹೊಸ್ತಿಲಾಚೆಯಿಂದ ಶುರುವಾಗುತ್ತದೆ. ಫ್ಲಾಟು ಮಾಲೀಕನದ್ದು. ಮೆಟ್ಟಿಲು, ಲಿಫ್ಟು, ನಡುವಿನ ಹುಲ್ಲುಹಾಸು ಎಲ್ಲರದ್ದು. ಮಂಡಳಿಯ ಸುತ್ತೋಲೆ ಅಲ್ಲೇ ನೆಲೆಸಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಎದುರುಮನೆಯ ನಾಯಿಯನ್ನು ಮರಿಯಾಗಿದ್ದಾಗಿನಿಂದ ನೋಡಿದವರು ಅದಕ್ಕೆ ಹೆದರುವುದಿಲ್ಲ. ಪ್ರತಿ ಶುಕ್ರವಾರ ಹೊಸ ನಾಯಿ, ಭಾನುವಾರ ಅದು ಹೋಗಿ ಇನ್ನೊಂದು ಎಂದಾದರೆ ಯಾವುದರ ಸ್ವಭಾವವೂ ಯಾರಿಗೂ ಗೊತ್ತಾಗುವುದಿಲ್ಲ. ಶಾಲೆಯ ಬಸ್ಸಿಗೆ ಮಗುವನ್ನು ಕರೆದೊಯ್ಯುವ ತಾಯಿಗೆ ಲಿಫ್ಟಿನಲ್ಲಿ ಅಪರಿಚಿತ ರಾಟ್‌ವೈಲರ್ ಎದುರಾದರೆ ಅವಳ ಅಂಜಿಕೆಯನ್ನು ಅಜ್ಞಾನ ಎಂದು ತಳ್ಳಿಹಾಕುವುದು ನ್ಯಾಯವಲ್ಲ.

ಅದಕ್ಕಿಂತ ದೊಡ್ಡ ತೊಡಕು ಪ್ರವಾಸಿಯ ದಿನಚರಿಯಲ್ಲೇ ಇದೆ. ಮಯೂರ್ ವಿಹಾರಕ್ಕೆ ಬರುವವರು ಬಂದದ್ದೇ ಅಕ್ಷರಧಾಮ ನೋಡಲು, ಮೆಟ್ರೋ ಹತ್ತಿ ಪ್ರಗತಿ ಮೈದಾನಕ್ಕೋ ಕೆಂಪುಕೋಟೆಗೋ ಹೋಗಲು. ಅಕ್ಷರಧಾಮದ ಒಳಗೆ ಸಾಕುಪ್ರಾಣಿಗೆ ಪ್ರವೇಶವಿಲ್ಲ, ಮೆಟ್ರೋದಲ್ಲಿಯೂ ಇಲ್ಲ. ಬೆಳಿಗ್ಗೆ ಹತ್ತಕ್ಕೆ ಹೋದವರು ಸಂಜೆ ಏಳಕ್ಕೆ ಮರಳುವವರೆಗೆ ನಾಯಿ ಎಲ್ಲಿರಬೇಕು? ಗೊತ್ತಿಲ್ಲದ ಗೋಡೆಗಳ ನಡುವೆ ಒಂಟಿಯಾಗಿ. ಅದು ಊಳಿಡುತ್ತದೆ, ಬಾಗಿಲು ಕೆರೆಯುತ್ತದೆ, ಉಗುರು ಮುರಿದುಕೊಳ್ಳುತ್ತದೆ. ಈ ಒಂಬತ್ತು ಗಂಟೆಗಳಿಗೆ ಯಾವ ಹಾಸಿಗೆಯೂ ಬಟ್ಟಲೂ ಪರಿಹಾರವಲ್ಲ. ನಾಯಿಯ ಕಡೆಯಿಂದ ಯೋಚಿಸಿದರೂ ಈ ಪ್ರವಾಸ ಅದಕ್ಕೆ ಬೇಕಿರಲಿಲ್ಲ ಎಂದೇ ಹೇಳಬೇಕಾಗುತ್ತದೆ.

ಗೇಟಿನ ಹೊರಗೆ ಬೀದಿನಾಯಿಗಳ ರಾಜ್ಯ. ದೆಹಲಿ ಪ್ರದೇಶದ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಗಳಿಗೆ ಸಾಗಿಸಬೇಕೆಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 11ರಂದು ಹೇಳಿತು. ಅದೇ ತಿಂಗಳ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಆ ಆದೇಶವನ್ನು ಮಾರ್ಪಡಿಸಿತು. ರೇಬಿಸ್ ಅಥವಾ ಆಕ್ರಮಣ ಸ್ವಭಾವ ಇರುವವನ್ನು ಬಿಟ್ಟು ಉಳಿದವುಗಳಿಗೆ ಸಂತಾನಹರಣ ಚಿಕಿತ್ಸೆ, ಲಸಿಕೆ ಮಾಡಿಸಿ ಹಿಡಿದ ಜಾಗದಲ್ಲೇ ಬಿಡಬೇಕು ಎಂಬುದು ಮಾರ್ಪಡಿಸಿದ ಆದೇಶ. ಎಂದರೆ ಪ್ರತಿ ಪಾಕೆಟಿಗೂ ಅದರದೇ ಹಿಂಡು ಉಳಿಯುತ್ತದೆ. ಅಲ್ಲಿನ ಮನೆಗಳ ನಾಯಿಗಳ ಪರಿಚಯ ಆ ಹಿಂಡಿಗಿದೆ. ಊರಿಂದ ಬಂದದ್ದು ಮಾತ್ರ ಪರಕೀಯ. ನಸುಕಿನಲ್ಲಿ ಸರಪಳಿ ಹಿಡಿದು ಕೆಳಗಿಳಿದ ಅತಿಥಿಯ ಸುತ್ತ ನಾಲ್ಕು ನಾಯಿಗಳು ನೆರೆದರೆ ಕಚ್ಚಿಸಿಕೊಳ್ಳುವವನು ಮನುಷ್ಯನೇ. ಅವನು ಮೊದಲು ಮಾಡಬೇಕಾದದ್ದು ಗಾಯವನ್ನು ಸೋಪು ಹಾಕಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆಯುವುದು, ಆಮೇಲೆ ಆಸ್ಪತ್ರೆ.

ಮುಂದಿನ ಅತಿಥಿಯ ಪ್ರಶ್ನೆಯೂ ಇದೆ. ಬೆಕ್ಕಿನ ಎಂಜಲಿನಲ್ಲಿರುವ ಫೆಲ್ ಡಿ 1 ಎಂಬ ಪ್ರೋಟೀನು ಮೈ ನೆಕ್ಕುವಾಗ ಕೂದಲಿಗೆ ಹತ್ತಿ, ಧೂಳಿನಲ್ಲಿ ಬೆರೆತು, ಬೆಕ್ಕು ಹೋದ ಮೇಲೂ ತಿಂಗಳುಗಟ್ಟಲೆ ಸೋಫಾದಲ್ಲಿ, ಪರದೆಯಲ್ಲಿ ಉಳಿಯುತ್ತದೆ. ನವೆಂಬರಿನ ಹೊಗೆಮಂಜಿನಲ್ಲಿ ಉಬ್ಬಸದ ರೋಗಿಯೊಬ್ಬರು ಅದೇ ಕೋಣೆಗೆ ಬಂದರೆ ಅವರಿಗೆ ಕಾರಣ ತಿಳಿಯುವುದೇ ಇಲ್ಲ. ನಾಯಿಮರಿಗಳನ್ನು ಕೊಲ್ಲುವ ಪಾರ್ವೊ ವೈರಸ್ಸು ಸಾಮಾನ್ಯ ಸೋಪಿಗೆ ಸಾಯದೆ ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಅದಕ್ಕೆ ಬ್ಲೀಚ್ ಬೇಕು. ನಮ್ಮ ಮನೆಗಳಲ್ಲಿ ನೆಲ ಒರೆಸುವುದು ಫಿನಾಯಿಲಿನಿಂದ. ಫಿನಾಲ್ ಇರುವ ದ್ರವ ಬೆಕ್ಕಿಗೆ ವಿಷ, ಅದನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಕಡಿಮೆ. ಒಂದು ಅತಿಥಿಗಾಗಿ ಮಾಡಿದ ಶುಚಿ ಇನ್ನೊಂದಕ್ಕೆ ಮುಳುವಾಗಬಲ್ಲದು.

ಇಷ್ಟೆಲ್ಲ ಶುಚಿ ಮಾಡುವವರು ಯಾರು? ಮನೆಕೆಲಸಕ್ಕೆ ಬರುವ ಹೆಂಗಸು. ಸೋಫಾದ ಕೂದಲು ಹೆಕ್ಕುವುದು, ಮೂಲೆಯ ಮೂತ್ರ ತೊಳೆಯುವುದು, ಪರಿಚಯವಿಲ್ಲದ ನಾಯಿ ಗುರುಗುಟ್ಟುತ್ತಿರುವಾಗ ಕೋಣೆಗೆ ಕಾಲಿಡುವುದು ಅವಳ ಪಾಲಿಗೆ ಬರುತ್ತದೆ. ಮನೆಯಲ್ಲಿ ಪ್ರಾಣಿ ಇರಲಿ ಎಂದು ತೀರ್ಮಾನಿಸುವಾಗ ಅವಳನ್ನು ಕೇಳಿರುವುದಿಲ್ಲ. ಪ್ರಾಣಿಯ ಹೆಸರಿನಲ್ಲಿ ಅತಿಥಿಯಿಂದ ಪಡೆದ ಹೆಚ್ಚಿನ ಹಣದಲ್ಲಿ ಅವಳಿಗೆ ಪಾಲು ಸಿಗದ ಮನೆಯನ್ನು ಪ್ರಾಣಿಪ್ರಿಯ ಎಂದು ಕರೆಯುವುದು ತಪ್ಪು. ವಿರೋಧ ಪಕ್ಷ ಈ ಮಾತನ್ನು ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು.

ಅಡುಗೆಮನೆಯ ವಿಚಾರ ಸೂಕ್ಷ್ಮವಾದದ್ದು. ಕನ್ನಡದ ಎಷ್ಟೋ ಮನೆಗಳ ನಾಯಿ ಮೊಸರನ್ನ ತಿಂದು ಬೆಳೆದದ್ದು, ಅದರಿಂದ ತೊಂದರೆಯಿಲ್ಲ. ಆದರೆ ಅತಿಥಿ ತಮ್ಮ ನಾಯಿಗೆ ಕೋಳಿ ಬೇಯಿಸಲು ಸಸ್ಯಾಹಾರಿ ಮಾಲೀಕರ ಕುಕ್ಕರನ್ನೇ ಒಲೆಗಿಟ್ಟರೆ ಜಗಳ ಖಂಡಿತ. ಬಾಲ್ಕನಿಯಲ್ಲಿ ಬೇರೆ ಇಂಡಕ್ಷನ್ ಒಲೆ, ಬೇರೆ ಪಾತ್ರೆ ಇಡಬಹುದು. ಇಟ್ಟಮೇಲೂ ಮನಸ್ಸು ಒಪ್ಪದವರು ಬಾಡಿಗೆಗೆ ಕೊಡುವಾಗಲೇ ಸ್ಪಷ್ಟವಾಗಿ ಹೇಳುವುದು ಮೇಲು.

ಹೊಣೆಯ ಭಾರವೂ ಕಡಿಮೆಯಿಲ್ಲ. ತನ್ನ ವಶದಲ್ಲಿರುವ ಪ್ರಾಣಿಯಿಂದ ಅಪಾಯವಾಗದಂತೆ ನೋಡಿಕೊಳ್ಳದವರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಂ ಆರು ತಿಂಗಳವರೆಗೆ ಸೆರೆ, 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಚಿಲ್ಲಾ ಗಡಿ ದಾಟಿ ನೊಯ್ಡಾಕ್ಕೆ ಕಾಲಿಟ್ಟರೆ ನಿಯಮವೇ ಬೇರೆ. ಅಲ್ಲಿನ ಪ್ರಾಧಿಕಾರದ 2022ರ ನೀತಿಯಂತೆ ಸಾಕುನಾಯಿ ಕಚ್ಚಿದರೆ ಮಾಲೀಕನಿಗೆ 10,000 ರೂಪಾಯಿ ದಂಡ, ಗಾಯಾಳುವಿನ ಚಿಕಿತ್ಸೆಯ ಖರ್ಚು ಬೇರೆ.

ಹಳ್ಳಿಯ ಕಡೆಯ ಆಕ್ಷೇಪ ಇನ್ನೊಂದು ಬಗೆಯದು. ಅಲ್ಲಿ ಜಾಗ ವಿಶಾಲ, ಅಪಾಯವೂ ವಿಶಾಲ. ಮಲೆನಾಡಿನ ಚಿರತೆಗೆ ಸುಲಭದ ಬೇಟೆ ನಾಯಿಯೇ. ಊರನಾಯಿ ವಾಸನೆ ಹಿಡಿದು ಜಗಲಿ ಹತ್ತುವ ಹೊತ್ತಿನಲ್ಲಿ ನಗರದ ನಾಯಿ ಕತ್ತಲೆಯ ಕಡೆ ಬೊಗಳುತ್ತಾ ಓಡುತ್ತದೆ. ಮಳೆಗಾಲ ಜಿಗಣೆಯದು, ಬೇಸಿಗೆ ಉಣುಗಿನದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣುಗಿನ ಮೂಲಕವೇ ಹರಡುತ್ತದೆ, ಅದರ ಕಾಲ ಸುಮಾರಾಗಿ ಡಿಸೆಂಬರಿನಿಂದ ಮೇವರೆಗೆ. ಪ್ರವಾಸಿಗರ ಕಾಲವೂ ಅದೇ. ಕಾಡಂಚಿನಲ್ಲಿ ಅಡ್ಡಾಡಿದ ನಾಯಿ ಮೈತುಂಬ ಉಣುಗು ಹೊತ್ತು ಹಾಸಿಗೆಯ ಮೇಲೆ ಮಲಗುವುದನ್ನು ಆ ಸೀಮೆಯ ಮನೆಯವರು ಒಪ್ಪದಿದ್ದರೆ ಅದಕ್ಕೆ ಕಾರಣವಿದೆ. ನಗರದಿಂದ ಬಂದ ನಾಯಿಯೂ ಕಾಡಿಗೆ ರೋಗ ಒಯ್ಯಬಲ್ಲದು. ಗಿರ್ ಕಾಡಿನಲ್ಲಿ 2018ರಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಕೆಲವುಗಳಲ್ಲಿ ಪತ್ತೆಯಾದದ್ದು ನಾಯಿಗಳಲ್ಲೂ ಕಾಣುವ ಡಿಸ್ಟೆಂಪರ್ ವೈರಸ್ಸು. ಇದರ ಮೇಲೆ ಮನೆಯ ನಾಯಿ, ಕೊಟ್ಟಿಗೆಯ ಕರು, ಅಂಗಳದ ಕೋಳಿಗಳು ಇವೆ. ಕೋಳಿ ಹಿಡಿದ ನಾಯಿಯ ಮಾಲೀಕರು ದುಡ್ಡು ಕೊಟ್ಟರೂ ಮನೆಯೊಡತಿಯ ಮುನಿಸು ಅವರು ಹೊರಡುವ ತನಕ ಇಳಿಯುವುದಿಲ್ಲ.

ಮರುಮಾತು

ಈ ಆಕ್ಷೇಪಗಳಲ್ಲಿ ಹೆಚ್ಚಿನವು ನಾಯಿಯನ್ನು ಕುರಿತಲ್ಲ, ಅದನ್ನು ಒಂಟಿಯಾಗಿ ಬಿಡುವುದನ್ನು ಕುರಿತವು ಎಂದು ಪರ ಪಕ್ಷ ಉತ್ತರಿಸುತ್ತದೆ. ಹಾಗಿದ್ದಲ್ಲಿ ಮಯೂರ್ ವಿಹಾರದಂಥ ಕಡೆ ಕೊಳ್ಳಬೇಕಾದ ಮೊದಲ ಸೌಕರ್ಯ ವಸ್ತುವಲ್ಲ, ಹಗಲಿಡೀ ನಾಯಿಯ ಜೊತೆಗಿರುವ, ಬೀದಿಯ ಹಿಂಡನ್ನು ಬಲ್ಲ, ನಸುಕಿನಲ್ಲಿ ಗೇಟಿನವರೆಗೆ ಜೊತೆಗೆ ಬರುವ ಒಬ್ಬ ಮನುಷ್ಯ. ಅಂಥವರನ್ನು ಸಂಬಳ ಕೊಟ್ಟು ಗೊತ್ತುಮಾಡಲಾಗದ ಮನೆಗೆ ವಿರೋಧ ಪಕ್ಷದ ತೀರ್ಪೇ ಸರಿ. ಮಲೆನಾಡಿನ ಮನೆಯಲ್ಲಿ ಆ ಮನುಷ್ಯ ಹೇಗೂ ಇರುತ್ತಾನೆ, ತೋಟದ ಆಳಾಗಿಯೋ ಮನೆಯ ಹಿರಿಯನಾಗಿಯೋ. ಅಲ್ಲಿ ದುಡ್ಡು ಹಾಕಬೇಕಾದದ್ದು ಬೇಲಿಗೆ ಮತ್ತು ರಾತ್ರಿಯ ನಾಯಿಗೂಡಿಗೆ. ಲಸಿಕೆಯ ಪುಸ್ತಕ ನೋಡದೆ ಬೀಗದ ಕೈ ಕೊಡಬಾರದು ಎಂಬುದರಲ್ಲಿ ಎರಡೂ ಕಡೆಯವರಿಗೆ ಭಿನ್ನಾಭಿಪ್ರಾಯವಿಲ್ಲ. ರೇಬಿಸ್ ಲಸಿಕೆಯ ಜೊತೆಗೆ ಡಿಸ್ಟೆಂಪರ್, ಪಾರ್ವೊ, ಇಲಿಜ್ವರದ ಲಸಿಕೆಗಳ ತಾರೀಖನ್ನೂ ಅದರಲ್ಲಿ ನೋಡಬೇಕು.