ಲಾಗೋಸ್‌ನಲ್ಲಿರುವುದು 90 ಲಕ್ಷ ಜನರೇ, 2 ಕೋಟಿ ಜನರೇ? ನೈಜೀರಿಯಾದ ನಗರಗಳ ಲೆಕ್ಕ ಯಾಕೆ ಹೊಂದುವುದಿಲ್ಲ

‘ಆಫ್ರಿಕಾದ ಅತಿದೊಡ್ಡ ನಗರಗಳು’, ‘ಜಗತ್ತಿನ ಟಾಪ್ 10 ಮಹಾನಗರಗಳು’ ಎಂಬ ಪಟ್ಟಿಗಳು ವಾಟ್ಸಾಪ್‌ನಲ್ಲಿ ಆಗಾಗ ಓಡಾಡುತ್ತವೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಗ್ರೂಪ್‌ಗಳಲ್ಲಂತೂ ಇನ್ನೂ ಹೆಚ್ಚು. ನೈಜೀರಿಯಾದ ಲಾಗೋಸ್ ಇಂಥ ಪಟ್ಟಿಗಳಲ್ಲಿ ಆಗಾಗ ಕಾಣಿಸಿಕೊಳ್ಳುವ ಹೆಸರು. ಅದರ ಮುಂದಿರುವ ಸಂಖ್ಯೆ ಮಾತ್ರ ಒಂದರಲ್ಲಿ 90 ಲಕ್ಷ, ಇನ್ನೊಂದರಲ್ಲಿ 1.3 ಕೋಟಿ, ಮತ್ತೊಂದರಲ್ಲಿ 2 ಕೋಟಿ.

ಹಾಗಾದರೆ ಸುಳ್ಳು ಯಾವುದು? ಇವು ಯಾರೋ ಕೂತು ಹುಟ್ಟಿಸಿದ ಸಂಖ್ಯೆಗಳೇ ಆಗಿರಬೇಕೆಂದಿಲ್ಲ. ಒಂದೊಂದು ಸಂಖ್ಯೆ ಒಂದೊಂದು ಗಡಿಯನ್ನು, ಒಂದೊಂದು ವರ್ಷವನ್ನು ಲೆಕ್ಕಕ್ಕೆ ಹಿಡಿದಿರುತ್ತದೆ. ಫಾರ್ವರ್ಡ್ ಆಗುವಾಗ ಆ ವಿವರ ಉದುರಿಹೋಗಿ, ಸಂಖ್ಯೆ ಮಾತ್ರ ಉಳಿಯುತ್ತದೆ.

ಮೊದಲು ಖಚಿತವಾದ ಸಂಗತಿಗಳು

ನೈಜೀರಿಯಾದ ಅತಿದೊಡ್ಡ ನಗರ ಲಾಗೋಸ್. ಇದರಲ್ಲಿ ಗೊಂದಲವಿಲ್ಲ. ಆದರೆ ಅದು ಈಗ ರಾಜಧಾನಿಯಲ್ಲ. 1991ರ ಡಿಸೆಂಬರ್ 12ರಂದು ರಾಜಧಾನಿ ದೇಶದ ನಡುಭಾಗದ ಅಬುಜಾಕ್ಕೆ ಅಧಿಕೃತವಾಗಿ ಸ್ಥಳಾಂತರವಾಯಿತು. ಲಾಗೋಸ್ ನಂತರದ ದೊಡ್ಡ ನಗರಗಳೆಂದರೆ ಉತ್ತರದ ಹಳೆಯ ವ್ಯಾಪಾರ ಕೇಂದ್ರ ಕಾನೊ ಮತ್ತು ನೈಋತ್ಯದ ಇಬಾದಾನ್. ತೈಲೋದ್ಯಮದ ಪೋರ್ಟ್ ಹಾರ್ಕೋರ್ಟ್ ಮತ್ತು ಬೆನಿನ್ ಸಿಟಿ ಕೂಡ ದೊಡ್ಡ ನಗರಗಳೇ. ಹೆಸರು ನೋಡಿ ಮೋಸ ಹೋಗಬೇಡಿ: ಬೆನಿನ್ ಸಿಟಿ ಇರುವುದು ನೈಜೀರಿಯಾದಲ್ಲಿ, ಪಕ್ಕದ ಬೆನಿನ್ ದೇಶದಲ್ಲಲ್ಲ.

ಲಾಗೋಸ್ ಯಾವಾಗಲೂ ಮೊದಲ ಸ್ಥಾನದಲ್ಲಿರಲಿಲ್ಲ. 1950ರ ದಶಕದ ಆರಂಭದ ಗಣತಿಯಲ್ಲಿ ಇಬಾದಾನ್ ಅದಕ್ಕಿಂತ ದೊಡ್ಡ ನಗರವಾಗಿತ್ತು. ಹಳೆಯ ಪುಸ್ತಕದಲ್ಲಿ ಇಬಾದಾನ್ ಮೊದಲು ಎಂದಿದ್ದರೆ ಅದು ತಪ್ಪಲ್ಲ, ಹಳತು ಅಷ್ಟೆ.

ಲಾಗೋಸ್ ಅಂದರೆ ಎಲ್ಲಿಂದ ಎಲ್ಲಿಯವರೆಗೆ?

ಗೊಂದಲದ ಮೂಲ ಇಲ್ಲಿದೆ. ಲಾಗೋಸ್ ಎಂಬುದು ನಗರದ ಹೆಸರೂ ಹೌದು, ರಾಜ್ಯದ ಹೆಸರೂ ಹೌದು. ಕಾನೊ ಕೂಡ ಹಾಗೆಯೇ. ನೈಜೀರಿಯಾ ಕೊನೆಯ ಬಾರಿ ಜನಗಣತಿ ನಡೆಸಿದ್ದು 2006ರಲ್ಲಿ. ಅದರ ಪ್ರಕಾರ ಲಾಗೋಸ್ ರಾಜ್ಯದಲ್ಲಿ ಸುಮಾರು 90 ಲಕ್ಷ ಜನರಿದ್ದರೆ, ಕಾನೊ ರಾಜ್ಯದಲ್ಲಿ ಸುಮಾರು 94 ಲಕ್ಷ. ಇದನ್ನಷ್ಟೇ ನೋಡಿದವರು ‘ಕಾನೊ ನೈಜೀರಿಯಾದ ಅತಿದೊಡ್ಡ ನಗರ’ ಎಂದು ಬರೆದುಬಿಡಬಹುದು.

ಅದೇ ಗಣತಿಯಲ್ಲಿ ನಗರ ಭಾಗವನ್ನು ಮಾತ್ರ ಕೂಡಿದರೆ ಚಿತ್ರ ಬದಲಾಗುತ್ತದೆ: ಲಾಗೋಸ್ ಸುಮಾರು 79 ಲಕ್ಷ, ಕಾನೊ ಸುಮಾರು 28 ಲಕ್ಷ. ಕಾನೊ ರಾಜ್ಯದ ಉಳಿದವರು ನಗರದ ಹೊರಗಿನ ಊರುಗಳಲ್ಲಿದ್ದಾರೆ. ಇತ್ತ ಲಾಗೋಸ್ ನಗರ ಬೆಳೆದು ಬೆಳೆದು ಪಕ್ಕದ ಓಗುನ್ ರಾಜ್ಯದೊಳಗೂ ಚಾಚಿಕೊಂಡಿದೆ. ಅಲ್ಲಿ ಮನೆ ಮಾಡಿ ದಿನಾ ಲಾಗೋಸ್‌ಗೆ ಕೆಲಸಕ್ಕೆ ಹೋಗುವವರನ್ನು ಲಾಗೋಸ್‌ನವರೆಂದು ಎಣಿಸಬೇಕೇ? ಉತ್ತರ ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ.

ವಿಶ್ವಸಂಸ್ಥೆಯ 2018ರ ವರದಿ ಲಾಗೋಸ್‌ಗೆ ಕೊಟ್ಟದ್ದು ಸುಮಾರು 1.35 ಕೋಟಿ. ಅದು ತಲೆ ಎಣಿಸಿ ಬಂದದ್ದಲ್ಲ, ಹಿಂದಿನ ಗಣತಿಗಳನ್ನು ಆಧರಿಸಿ ಮಾಡಿದ ಅಂದಾಜು.

ಎಣಿಕೆಯೇ ಜಗಳವಾದಾಗ

2006ರ ಫಲಿತಾಂಶವನ್ನು ಲಾಗೋಸ್ ರಾಜ್ಯ ಸರ್ಕಾರ ಒಪ್ಪಲಿಲ್ಲ. ತಾನೇ ನಡೆಸಿದ ಎಣಿಕೆಯ ಪ್ರಕಾರ ರಾಜ್ಯದಲ್ಲಿ 1.75 ಕೋಟಿ ಜನರಿದ್ದಾರೆ ಎಂದಿತು. ಒಂದೇ ರಾಜ್ಯ, ಒಂದೇ ವರ್ಷ, ಎರಡೂ ಸರ್ಕಾರಿ ಸಂಖ್ಯೆಗಳೇ. ವ್ಯತ್ಯಾಸ ಮಾತ್ರ 85 ಲಕ್ಷ.

ಇಷ್ಟೊಂದು ಹಟ ಯಾಕೆ? ಒಕ್ಕೂಟ ಸರ್ಕಾರ ತೈಲ ಮತ್ತಿತರ ಆದಾಯವನ್ನು ರಾಜ್ಯಗಳಿಗೆ ಹಂಚುವಾಗ ಜನಸಂಖ್ಯೆಯೂ ಒಂದು ಮಾನದಂಡ. ಸಂಸತ್ತಿನ ಕೆಳಮನೆಯ ಸ್ಥಾನಗಳಿಗೂ ಅದೇ ಆಧಾರ. ಉತ್ತರ–ದಕ್ಷಿಣದ ಹಳೆಯ ಪೈಪೋಟಿ ಬೇರೆ. ಹೀಗಾಗಿ ಒಂದು ರಾಜ್ಯದ ತಲೆ ಎಣಿಕೆ ಹೆಚ್ಚಾದರೆ ಇನ್ನೊಂದಕ್ಕೆ ತನ್ನ ಪಾಲು ಹೋಯಿತೆಂಬ ಭಯ.

ಈ ಜಗಳ 2006ರಲ್ಲಿ ಶುರುವಾದದ್ದಲ್ಲ. 1962ರ ಗಣತಿಯನ್ನು ಕೈಬಿಟ್ಟು 1963ರಲ್ಲಿ ಮತ್ತೆ ಎಣಿಸಿದರು. 1973ರ ಗಣತಿ ರದ್ದಾಯಿತು. 1991ರಲ್ಲಿ ದೇಶದಲ್ಲಿ ಸುಮಾರು 8.9 ಕೋಟಿ ಜನ ಸಿಕ್ಕರು. ಅದಕ್ಕೂ ಮುಂಚಿನ ಅಂದಾಜುಗಳು 10 ಕೋಟಿಯನ್ನೂ ದಾಟಿದ್ದವು! 2023ರ ಮೇ ತಿಂಗಳಿಗೆ ಗೊತ್ತುಪಡಿಸಿದ್ದ ಗಣತಿಯನ್ನು ಕೊನೇ ಗಳಿಗೆಯಲ್ಲಿ ಮುಂದೂಡಲಾಯಿತು.

ಲೆಕ್ಕ ತಪ್ಪಿದರೆ ಯಾರಿಗೆ ನಷ್ಟ?

ಒಂದು ಬಡಾವಣೆಗೆ ಎಷ್ಟು ಶಾಲೆ, ಎಷ್ಟು ನಲ್ಲಿ, ಎಷ್ಟು ಡೋಸ್ ಲಸಿಕೆ ಬೇಕು ಎಂಬುದು ಅಲ್ಲಿನ ಜನಸಂಖ್ಯೆಯ ಮೇಲೆ ನಿಂತಿದೆ. ಇದರ ಬಿಸಿ ತಟ್ಟಿದ್ದು ಪೋಲಿಯೊ ಲಸಿಕಾ ಕಾರ್ಯಕ್ರಮಕ್ಕೆ. ಉತ್ತರ ನೈಜೀರಿಯಾದಲ್ಲಿ ಲಸಿಕೆ ತಂಡಗಳು ಕೈಯಲ್ಲಿ ಬರೆದ ನಕ್ಷೆ ಹಿಡಿದು ಹೋಗುತ್ತಿದ್ದವು. ನಕ್ಷೆಯಲ್ಲಿಲ್ಲದ ಊರಿಗೆ ಯಾರೂ ಹೋಗುತ್ತಿರಲಿಲ್ಲ. ಅಲ್ಲಿನ ಮಕ್ಕಳಿಗೆ ಹನಿಯೂ ಸಿಗುತ್ತಿರಲಿಲ್ಲ.

2012ರ ಸುಮಾರಿಗೆ ಉಪಗ್ರಹ ಚಿತ್ರಗಳಲ್ಲಿ ಮನೆಗಳನ್ನು ಗುರುತಿಸಿ ಹೊಸ ನಕ್ಷೆ ಮಾಡಲಾಯಿತು. ತಂಡಗಳ ಕೈಗೆ ಜಿಪಿಎಸ್ ಇರುವ ಫೋನ್ ಕೊಟ್ಟು, ಎಲ್ಲೆಲ್ಲಿ ಹೋಗಿಬಂದರು ಎಂದು ನೋಡಲಾಯಿತು. ಬಿಟ್ಟುಹೋಗಿದ್ದ ಊರುಗಳು ಆಗ ಕಣ್ಣಿಗೆ ಬಿದ್ದವು. 2020ರಲ್ಲಿ ನೈಜೀರಿಯಾ ವೈಲ್ಡ್ ಪೋಲಿಯೊ ವೈರಸ್‌ನಿಂದ ಮುಕ್ತವೆಂದು ಘೋಷಣೆಯಾದದ್ದಕ್ಕೆ ಇದೂ ಒಂದು ಕಾರಣ.

ಫಾರ್ವರ್ಡ್ ಮಾಡುವ ಮುನ್ನ ಮೂರು ಪ್ರಶ್ನೆ

1. ಇದು ನಗರದ ಲೆಕ್ಕವೋ, ಅದೇ ಹೆಸರಿನ ರಾಜ್ಯದ್ದೋ?
2. ಯಾವ ವರ್ಷದ್ದು?
3. ಎಣಿಸಿದ್ದೋ, ಅಂದಾಜು ಮಾಡಿದ್ದೋ? ಮಾಡಿದವರು ಯಾರು?

ಈ ಪ್ರಶ್ನೆಗಳು ಲಾಗೋಸ್‌ಗೆ ಮಾತ್ರವಲ್ಲ. ಭಾರತದ 2021ರ ಜನಗಣತಿಯೂ ಮುಂದಕ್ಕೆ ಹೋಯಿತು. ಹಾಗಾಗಿ ‘ಬೆಂಗಳೂರಿನ ಈಗಿನ ಜನಸಂಖ್ಯೆ’ ಎಂದು ನಾವು ಹಂಚಿಕೊಳ್ಳುತ್ತಿರುವ ಸಂಖ್ಯೆಗಳೂ 2011ರ ಗಣತಿಯ ಮೇಲೆ ಕಟ್ಟಿದ ಅಂದಾಜುಗಳೇ. ಪಟ್ಟಿಯಲ್ಲಿ ಈ ಮೂರಕ್ಕೂ ಉತ್ತರವಿಲ್ಲದಿದ್ದರೆ, ‘ಲಾಗೋಸ್ ನೈಜೀರಿಯಾದ ಅತಿದೊಡ್ಡ ನಗರ, ಅಬುಜಾ ರಾಜಧಾನಿ’ ಎಂಬಷ್ಟನ್ನು ಧೈರ್ಯವಾಗಿ ಹೇಳಿ. ಸಂಖ್ಯೆಯ ಹಿಂದೆ ‘ಅಂದಾಜು’ ಎಂಬ ಒಂದು ಪದ ಸೇರಿಸಿ.